ಗಾಳದ ಕೋಲು: ಬಿದಿರೋ, ಗಾಜಿನೆಳೆಯೋ, ಕಾರ್ಬನ್ನೋ?

ಕೆರೆಗೆ ನೀರು ಬಂದ ವರ್ಷ ಅಟ್ಟ ಸೇರಿದ್ದ ಗಾಳದ ಕೋಲುಗಳು ಕೆಳಗಿಳಿಯುತ್ತವೆ. ನಮ್ಮ ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಇದು ಹಿಂದಿನಿಂದ ಬಂದ ವಾಡಿಕೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರದ ಸೀಮೆಯಲ್ಲಿ ಊರಿನ ಹೆಸರಿಗೆ 'ಸಮುದ್ರ' ಸೇರಿಸಿಕೊಂಡವರು ಕೆರೆಯನ್ನು ನೆಚ್ಚಿಯೇ ಸೇರಿಸಿಕೊಂಡಿರಬೇಕು. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರ ಅನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದದ್ದು ಓದುಗರಿಗೆ ನೆನಪಿದ್ದೀತು. ವೇದಾವತಿಯ ಆ ನೀರು ಹರಿಯುವ ದಾರಿಯೂ ಭೈರವಾನಿ ತಿಪ್ಪೆಯ ಮೇಲೆಯೇ. ನೀರು ಬಂದಲ್ಲಿ ಮೀನು, ಮೀನು ಬಂದಲ್ಲಿ ಗಾಳ.

ಆದರೆ ಈಚೆಗೆ ಕೆರೆಯ ಏರಿಯ ಮೇಲೆ ಕಾಣುವ ಕೋಲುಗಳು ನಮ್ಮ ಅಟ್ಟದವಲ್ಲ. ಬೆಂಗಳೂರಿನಲ್ಲಿ ದುಡಿಯುವ ಹುಡುಗರು ಹಬ್ಬಕ್ಕೆ ಊರಿಗೆ ಬರುವಾಗ ಕಪ್ಪಗೆ ಹೊಳೆಯುವ, ಬಳೆಗಳನ್ನು ತೊಟ್ಟ, ರೀಲು ಸಿಕ್ಕಿಸುವ ಕೋಲುಗಳನ್ನು ತರುತ್ತಿದ್ದಾರೆ. ಅವುಗಳ ಮೈಮೇಲೆ 'ಬಾಸ್' ಎಂದು ಅಚ್ಚು ಹಾಕಿರುತ್ತದೆ. ಕೆಲವು ಕೋಲುಗಳ ಬೆಲೆ ಒಂದು ಮೂಟೆ ಶೇಂಗಾಕ್ಕೆ ಸಮ, ಕೆಲವಕ್ಕೆ ಅದೂ ಸಾಲದು. ಅವರನ್ನು ನೋಡಿ ಊರಿನಲ್ಲೇ ಇರುವ ತರುಣರೂ ಕೊಳ್ಳಲು ಹೊರಟಿದ್ದಾರೆ. ಹಣ ಕೊಟ್ಟು ಕೊಳ್ಳುವವರು ನೇಗಿಲನ್ನೋ ಎತ್ತನ್ನೋ ನೋಡುವಂತೆ ಕೋಲನ್ನೂ ನೋಡಿ ಕೊಳ್ಳಲಿ ಎಂಬ ಉದ್ದೇಶದಿಂದ ಈ ಲೇಖನ. ನಮಗೆ ತೋರಿದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ನಮ್ಮ ಕೆರೆಗಳಿಗೆ ಗಾಜಿನೆಳೆಯ ಕೋಲು, ಇಲ್ಲವೇ ಗಾಜಿನೆಳೆಗೆ ಸ್ವಲ್ಪ ಕಾರ್ಬನ್ ಬೆರೆಸಿದ ಕೋಲು ಸಾಕು. ಅಪ್ಪಟ ಕಾರ್ಬನ್ ಕೋಲು ಹಗುರ, ಚುರುಕು, ನಿಜ. ಅದು ನಮ್ಮ ಹೊಲಗಳ ನಡುವೆ ಓಡಾಡತಕ್ಕ ವಸ್ತುವಲ್ಲ. ಕಾರಣ ಮುಂದೆ ಬರುತ್ತದೆ.

ಬಾಸ್ ಎಂಬುದು ಅಮೆರಿಕದ ಸಿಹಿನೀರಿನ ಮೀನು. ನಮ್ಮ ಕೆರೆಗಳಲ್ಲಿ ಅದಿಲ್ಲ. ಹಾಗಿದ್ದರೂ ಅದರ ಕೋಲು ನಮ್ಮಲ್ಲಿಗೆ ಬಂದದ್ದಕ್ಕೆ ಕಾರಣ ಕೊರವ. ನಮ್ಮ ಮನೆಗಳಲ್ಲಿ ಕೊರವ ಎಂದರೂ ಸಂತೆಯಲ್ಲಿ ಕೊರಮೀನು ಎಂದೇ ಕೇಳುವ ಈ ಮೀನು ಬಾಸಿನ ಹಾಗೆಯೇ ಬೇಟೆಗಾರ. ಜೊಂಡಿನ ಮರೆಯಲ್ಲಿ ಹೊಂಚುಹಾಕಿ ನಿಂತು ಮೇಲೆ ಹಾಯುವ ಕಪ್ಪೆ, ಸಣ್ಣ ಮೀನುಗಳ ಮೇಲೆ ಒಮ್ಮೆಲೇ ಎರಗುತ್ತದೆ. ಬಾಸಿಗೂ ಇದೇ ಚಾಳಿ. ಆದಕಾರಣ ಅದಕ್ಕೆಂದು ಮಾಡಿದ ಕೋಲು ಇದಕ್ಕೂ ಒದಗುತ್ತದೆ. ಜಪಾನಿನವರು ಕೊರವದ ಜಾತಿಯ ಮೀನಿಗೆ 'ಗುಡುಗು ಮೀನು' ಎಂಬ ಅರ್ಥದ ಹೆಸರಿಟ್ಟು ಅದಕ್ಕೆಂದೇ ಗಟ್ಟಿ ಕೋಲುಗಳನ್ನು ತಯಾರಿಸುತ್ತಾರೆ. ಅಮೆರಿಕದಲ್ಲಿ ಮಾತ್ರ 2002ರಲ್ಲಿ ಮೇರಿಲ್ಯಾಂಡಿನ ಒಂದು ಕೊಳದಲ್ಲಿ ಈ ಕುಲದ ಪರದೇಶಿ ಮೀನು ಕಾಣಿಸಿದ್ದಕ್ಕೆ ಹೆದರಿ ಇಡೀ ಕೊಳಕ್ಕೆ ವಿಷ ಹಾಕಿದರು. ನಮ್ಮಲ್ಲಿ ಬಾಣಂತಿಯರಿಗೆ ಹುಡುಕಿ ತಂದು ಕೊಡುವ ಮೀನಿಗೆ ಅಲ್ಲಿ ಆ ಗತಿ!

ಬಿದಿರಿನ ಕೋಲು

ಮೊದಲು ನಮ್ಮದನ್ನೇ ನೋಡೋಣ. ಎಲ್ಲ ಬಿದಿರೂ ಗಾಳಕ್ಕೆ ಬರುವುದಿಲ್ಲ. ಹೆಬ್ಬಿದಿರು ದಪ್ಪ, ಒಳಗೆ ಪೊಳ್ಳು. ಏಣಿಗೂ ಚಪ್ಪರಕ್ಕೂ ಸರಿ. ಗಾಳಕ್ಕೆ ಬೇಕಾದದ್ದು ಕಿರುಬಿದಿರು. ಇದನ್ನು ಗಂಡು ಬಿದಿರು ಎಂದೂ ಕರೆಯುತ್ತಾರೆ. ಬರಡು ಗುಡ್ಡಗಳಲ್ಲಿ ಬೆಳೆದದ್ದು ಬುಡದ ಕಡೆ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಎರಡು ಮೂರು ವರ್ಷ ಬಲಿತ ಗಳವನ್ನು ಆರಿಸಬೇಕು. ಎಳೆಯದು ಒಣಗಿದಾಗ ಸುಕ್ಕುಗಟ್ಟುತ್ತದೆ. ಕಡಿದ ಮೇಲೆ ಕೆಲವು ವಾರ ನೀರಿನಲ್ಲಿ ನೆನೆಹಾಕಿ, ಅನಂತರ ನೆರಳಿನಲ್ಲಿ ನಿಲ್ಲಿಸಿ ಒಣಗಿಸುವುದು ಹಿರಿಯರ ಕ್ರಮ. ಅದರಲ್ಲಿ ವಿಜ್ಞಾನವಿದೆ. ಬಿದಿರಿನ ಒಳಗಿನ ಹಿಟ್ಟಿನ ಅಂಶಕ್ಕೆ ಆಸೆಪಟ್ಟು ಕುಟ್ಟೆಹುಳು ಬೀಳುತ್ತದೆ. ನೀರಿನಲ್ಲಿ ನೆನೆದಾಗ ಆ ಅಂಶ ಬಹಳಷ್ಟು ಕರಗಿಹೋಗುತ್ತದೆ. ಡೊಂಕಿದ್ದರೆ ಗೆಣ್ಣನ್ನು ಸಣ್ಣ ಉರಿಯ ಮೇಲೆ ಹಿಡಿದು ಬಿಸಿಯಿರುವಾಗಲೇ ಮೆಲ್ಲನೆ ಒತ್ತಿ ನೇರ ಮಾಡಬಹುದು. ಕೊನೆಗೆ ಅಗಸೆ ಎಣ್ಣೆ ಸವರಿದರೆ ನೀರು ಬೇಗ ಹೀರುವುದಿಲ್ಲ.

ಇಂಥ ಕೋಲಿಗೆ ರೀಲಿಲ್ಲ, ಬಳೆಗಳಿಲ್ಲ. ತುದಿಗೆ ದಾರ, ದಾರಕ್ಕೆ ಬೆಂಡು, ಸೀಸದ ಚೂರು, ಕೊಕ್ಕೆ, ಎರೆಹುಳು. ದಡದ ಹತ್ತಿರದ ಪಕ್ಕೆ, ಜಿಲೇಬಿ ಮೀನುಗಳಿಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾವು ಕಂಡಿಲ್ಲ. ಶಾಲೆಯ ಹುಡುಗರ ಕೈಗೆ ಕೊಡತಕ್ಕದ್ದೂ ಇದನ್ನೇ. ಇದರ ಮಿತಿ ಎರಡು. ದಾರ ಎಷ್ಟುದ್ದವೋ ಅಷ್ಟೇ ದೂರ. ಮೂವತ್ತು ನಲವತ್ತು ಅಡಿ ಆಚೆಯ ಜೊಂಡಿನ ಅಂಚಿಗೆ ಎಸೆಯಲಾಗದು. ಎರಡನೆಯದು ಭಾರ. ಹತ್ತು ಹನ್ನೆರಡು ಅಡಿಯ ಕೋಲನ್ನು ದಿನವಿಡೀ ಹಿಡಿದರೆ ಮಣಿಕಟ್ಟು ಸೋಲುತ್ತದೆ.

ಬಿದಿರನ್ನು ಕೀಳಾಗಿ ಕಾಣಬೇಕಾದದ್ದಿಲ್ಲ. ಪಾಶ್ಚಾತ್ಯರ ಅತ್ಯುತ್ತಮ ಕೋಲುಗಳು ಬಹುಕಾಲ ಬಿದಿರಿನವೇ ಆಗಿದ್ದವು. ಗಳವನ್ನು ಸೀಳಿ, ಆರು ಪಟ್ಟಿಗಳನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಹೆರೆದು ಅಂಟಿಸಿ ಆರು ಮೂಲೆಯ ಕೋಲು ಮಾಡುತ್ತಿದ್ದರು. ಮೊದಮೊದಲು ಈ ಕೆಲಸಕ್ಕೆ ಕಲ್ಕತ್ತೆಯಿಂದ ಹೋದ ಬಿದಿರೇ ಆಗಿತ್ತು, ಆಮೇಲೆ ಚೀನಾದ ಬಿದಿರು ಬಂತು. ನಮ್ಮ ದೇಶದ ಗಾಳಗಾರಿಕೆಯ ಮೇಲೆ ಬಂದ ಹೆಸರಾಂತ ಇಂಗ್ಲಿಷ್ ಪುಸ್ತಕ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಕನ್ನಡ ನಾಡಿನ ಮಂಗಳೂರಿನಲ್ಲಿ. ಅದನ್ನು ಬರೆದ ಎಚ್. ಎಸ್. ಥಾಮಸ್ ಮದರಾಸಿನ ಸರ್ಕಾರಿ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವರು.

ಗಾಜಿನೆಳೆ ಮತ್ತು ಕಾರ್ಬನ್

ಎರಡನೆಯ ಮಹಾಯುದ್ಧ ಮುಗಿದ ಕಾಲಕ್ಕೆ ಗಾಜನ್ನು ಕರಗಿಸಿ ಕೂದಲಿನಂತೆ ಎಳೆದು, ಅಂಟಿನಲ್ಲಿ ಅದ್ದಿ ಕೊಳವೆ ಸುತ್ತುವ ವಿದ್ಯೆ ಬಂತು. ಫೈಬರ್ ಗ್ಲಾಸ್ ಎಂದು ಅಂಗಡಿಯವರು ಹೇಳುವುದು ಇದನ್ನೇ. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿ ಬಲವಾದ ಕಾರ್ಬನ್ ಎಳೆಯನ್ನು ಸಿದ್ಧಗೊಳಿಸಿದರು. ವಿಮಾನಕ್ಕೆಂದು ಹುಟ್ಟಿದ ಆ ಎಳೆ 1970ರ ದಶಕದಲ್ಲಿ ಗಾಳದ ಕೋಲಿಗೂ ಬಂತು. ಗ್ರಾಫೈಟ್ ಎಂದು ಬರೆದಿದ್ದರೂ ಅದೇ.

ಇವುಗಳ ವ್ಯತ್ಯಾಸ ಓದಿ ತಿಳಿಯುವುದಕ್ಕಿಂತ ಕೈಯಲ್ಲಿ ಹಿಡಿದರೆ ಬೇಗ ತಿಳಿಯುತ್ತದೆ. ಕಾರ್ಬನ್ ಕೋಲನ್ನು ಒಮ್ಮೆ ಜಾಡಿಸಿ ನಿಲ್ಲಿಸಿ. ತುದಿ ಒಂದೆರಡು ಸಲ ಅಲುಗಿ ನಿಂತುಬಿಡುತ್ತದೆ. ಗಾಜಿನೆಳೆಯ ಕೋಲು ನಾಲ್ಕಾರು ಸಲ ತೂಗಾಡಿ ಆಮೇಲೆ ನಿಲ್ಲುತ್ತದೆ. ಬಿದಿರು ಇವೆರಡರ ನಡುವೆ ತನ್ನದೇ ರೀತಿಯಲ್ಲಿ ಮೈಮುರಿಯುತ್ತದೆ. ಕಾರ್ಬನ್ ಎಳೆ ತೂಕಕ್ಕೆ ಹೋಲಿಸಿದರೆ ಬಹಳ ಬಿರುಸು. ಏಳಡಿಯ ಕೋಲು ನೂರರಿಂದ ನೂರೈವತ್ತು ಗ್ರಾಮಿನ ಆಸುಪಾಸಿನಲ್ಲಿ ಮುಗಿಯುತ್ತದೆ. ನೀರಿನ ತಳದ ಕಲ್ಲಿಗೆ ಸೀಸ ತಾಗಿದ್ದು, ಜೊಂಡಿನ ಎಲೆ ಸವರಿದ್ದು, ಮೀನು ಮೂಸಿ ಬಿಟ್ಟದ್ದು ಎಲ್ಲವೂ ಬೆರಳಿಗೆ ಬಂದು ತಟ್ಟುತ್ತದೆ. ಗಾಜಿನೆಳೆಯಲ್ಲಿ ಆ ಸುದ್ದಿ ಅರ್ಧ ದಾರಿಯಲ್ಲೇ ಕರಗುತ್ತದೆ.

ಆದರೆ ಕೊರವವನ್ನು ಹಿಡಿಯುವವನಿಗೆ ಇಷ್ಟೆಲ್ಲ ಸೂಕ್ಷ್ಮ ಬೇಕೇ? ಕೊರವ ಮೂಸಿ ನೋಡುವ ಮೀನಲ್ಲ. ನೀರಿನ ಮೇಲೆ ಹರಿಯುವ ರಬ್ಬರು ಕಪ್ಪೆಯ ಮೇಲೆ ಅದು ಎರಗಿದಾಗ ಆ ಸದ್ದು ಏರಿಯ ಮೇಲೆ ಕುಳಿತವರಿಗೂ ಕೇಳಿಸುತ್ತದೆ. ಅಲ್ಲಿ ಬೇಕಾದದ್ದು ಅವಸರವಿಲ್ಲದ ಕೋಲು. ಕಪ್ಪೆಯನ್ನು ಬಾಯೊಳಗೆ ತೆಗೆದುಕೊಳ್ಳಲು ಮೀನಿಗೆ ಒಂದೆರಡು ಕ್ಷಣ ಬೇಕು. ಬಿರುಸಾದ ಕಾರ್ಬನ್ ಕೋಲು ಹಿಡಿದ ಹೊಸಬ ಸದ್ದಾದ ತಕ್ಷಣ ಎಳೆಯುತ್ತಾನೆ, ಕಪ್ಪೆ ಖಾಲಿಯಾಗಿ ಹಾರಿ ಅವನ ಮುಖಕ್ಕೇ ಬರುತ್ತದೆ. ಗಾಜಿನೆಳೆ ತಾನೇ ನಿಧಾನವಾದ್ದರಿಂದ ಆ ಕ್ಷಣವನ್ನು ತಾನೇ ಕೊಡುತ್ತದೆ.

ಮೇಷ್ಟರ ಕಸುಬಿನವರಾದ್ದರಿಂದ ಇಲ್ಲೊಂದು ಚಿಕ್ಕ ಲೆಕ್ಕ ಹೇಳದೆ ಇರಲಾರೆವು. ಗಾಳದ ಕೋಲು ಒಂದು ಸನ್ನೆಗೋಲು. ಆದರೆ ಅದರ ಲಾಭ ಮೀನಿಗೆ, ನಮಗಲ್ಲ. ಕೋಲಿನ ಬುಡವನ್ನು ಹೊಟ್ಟೆಗೆ ಒತ್ತಿ, ಒಂದೂವರೆ ಅಡಿ ಮೇಲೆ ಕೈ ಹಿಡಿದಿದ್ದೇವೆ ಎನ್ನೋಣ. ಕೋಲು ಏಳಡಿ, ಬಾಗದೆ ನೆಟ್ಟಗಿದೆ, ದಾರ ಅದಕ್ಕೆ ಅಡ್ಡಲಾಗಿ ಎಳೆಯುತ್ತಿದೆ. ಮೀನು ಒಂದು ಕಿಲೋ ಬಲದಿಂದ ಎಳೆದರೆ ನಮ್ಮ ಕೈ ನಾಲ್ಕೂವರೆ ಕಿಲೋಗೂ ಹೆಚ್ಚು ಬಲ ಕೊಡಬೇಕು. ಅದೇ ಕೋಲು ಚೆನ್ನಾಗಿ ಬಾಗಿ, ಎಳೆತ ಬುಡದಿಂದ ನಾಲ್ಕಡಿ ದೂರದಲ್ಲಿ ಬಿದ್ದಂತಾದರೆ ಎರಡೂಮುಕ್ಕಾಲು ಕಿಲೋ ಒಳಗೆ ಸಾಕು. ಬಾಗುವ ಕೋಲು ಬಲಹೀನ ಎಂದು ತಿಳಿಯುವವರು ಇದನ್ನು ಗಮನಿಸಬೇಕು. ಬಾಗಿದಷ್ಟೂ ಕೈಗೆ ಸುಖ, ದಾರಕ್ಕೂ ರಕ್ಷಣೆ. ಬಾಗು ಎಲ್ಲಿಂದ ಆರಂಭವಾಗಬೇಕು ಎಂಬುದಷ್ಟೇ ಪ್ರಶ್ನೆ. ಜೊಂಡಿನೊಳಗೆ ನುಗ್ಗುವ ಕೊರವವನ್ನು ತಡೆದು ಎಳೆಯಬೇಕಾದ್ದರಿಂದ ಬುಡದ ಕಡೆಯ ಅರ್ಧ ಗಟ್ಟಿಯಾಗಿರಲಿ, ಮೇಲಿನರ್ಧ ಬಾಗಲಿ. ತುದಿಯ ಒಂದಡಿ ಮಾತ್ರ ಬಾಗಿ ಉಳಿದದ್ದು ಕಂಬದಂತೆ ನಿಲ್ಲುವ ಕೋಲು ಬೇಡ. ಬುಡದವರೆಗೂ ಬಳ್ಳಿಯಂತೆ ಬಾಗುವುದೂ ಬೇಡ. ಅಂಗಡಿಯಲ್ಲಿ ತುದಿಯನ್ನು ಗೋಡೆಗೆ ಒತ್ತಿ ನೋಡಬಾರದು, ಹಾಗೆ ಒತ್ತಿದರೆ ತುದಿ ಮುರಿದೀತು. ಒಂದು ಮಾರು ದಾರವನ್ನು ಬಳೆಗಳಲ್ಲಿ ತೂರಿಸಿ, ಕೊನೆಗೆ ಅರ್ಧ ಕಿಲೋ ಕಲ್ಲು ಕಟ್ಟಿ ನೆಲದಿಂದ ಮೆಲ್ಲನೆ ಎತ್ತಿಸಬೇಕು. ಬಾಗು ಕಣ್ಣಿಗೇ ಕಾಣುತ್ತದೆ.

ಕೋಲಿನ ಮೇಲಿನ ಬರಹ ಔನ್ಸು, ಪೌಂಡುಗಳಲ್ಲಿ ಇರುವುದುಂಟು. ಒಂದು ಔನ್ಸು ಸುಮಾರು 28 ಗ್ರಾಂ, ಒಂದು ಪೌಂಡು 454 ಗ್ರಾಂ. ಔನ್ಸಿನ ಅಂಕಿ ಎಸೆಯಬಹುದಾದ ಭಾರ. ಪೌಂಡಿನ ಅಂಕಿ ಕಟ್ಟಬಹುದಾದ ದಾರದ ಬಲ, ಮೀನಿನ ತೂಕವಲ್ಲ. 'ಮೀಡಿಯಂ ಹೆವಿ' ಅಥವಾ 'ಹೆವಿ' ಎಂದಿರುವ, ಆರೂವರೆಯಿಂದ ಏಳಡಿ ಉದ್ದದ, ಹತ್ತರಿಂದ ಇಪ್ಪತ್ತು ಗ್ರಾಮಿನ ರಬ್ಬರು ಕಪ್ಪೆಯನ್ನು ಎಸೆಯಲು ಬರುವ ಕೋಲು ನಮ್ಮ ಕೆರೆಗೆ ಹೊಂದುತ್ತದೆ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡುವುದು ಲೇಸು. ಬತ್ತದ ಗದ್ದೆಯ ಹುಳುಗಳನ್ನು ತಿನ್ನುವ ಕಪ್ಪೆ ರೈತನ ಆಳು. ಕಪ್ಪೆಯ ಕಾಲಿನ ರಫ್ತನ್ನು ಸರ್ಕಾರ 1987ರಲ್ಲಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಬಳೆ, ಹಿಡಿ, ಕೀಲು

ಕೋಲಿನ ಬೆಲೆಯಲ್ಲಿ ಬಹುಪಾಲು ಹೋಗುವುದು ಹೊಳಪಿಗೆ. ಮೋಸ ಅಡಗುವುದು ಬಳೆಗಳಲ್ಲಿ. ದಾರ ಹಾದುಹೋಗುವ ಈ ಬಳೆಗಳ ಒಳಗೆ ಪಿಂಗಾಣಿಯಂಥ ಒಂದು ಉಂಗುರ ಕೂರಿಸಿರುತ್ತಾರೆ. ಒಳ್ಳೆಯವುಗಳಲ್ಲಿ ಅದು ಸಾಣೆಕಲ್ಲಿಗೆ ಬಳಸುವ ಪದಾರ್ಥವೇ, ನುಣ್ಣಗೆ ಉಜ್ಜಿದ್ದು. ಅಗ್ಗದ ಕೋಲಿನಲ್ಲಿ ಬರಿಯ ಮೆದು ಲೋಹ. ಹೆಣೆದ ದಾರ ಬಾವಿಯ ಹಗ್ಗ ಕಲ್ಲನ್ನು ಕೊರೆದಂತೆ ಅದನ್ನು ಕೊರೆಯುತ್ತದೆ, ಕೊರೆದ ಗೀರು ತಿರುಗಿ ದಾರವನ್ನೇ ಕಡಿಯುತ್ತದೆ. ಬಿರುಕು ಕಣ್ಣಿಗೆ ಕಾಣದು. ಪರೀಕ್ಷೆ ಸುಲಭ: ಒಂದು ಚಿಟಿಕೆ ಹತ್ತಿಯನ್ನು ಪ್ರತಿಯೊಂದು ಬಳೆಯೊಳಗೆ ಸುತ್ತಲೂ ಆಡಿಸಿ. ಎಳೆ ಸಿಕ್ಕಿಕೊಂಡಿತೋ, ಅಲ್ಲಿ ಬಿರುಕಿದೆ. ಹೊಸ ಕೋಲಾದರೆ ಅಲ್ಲೇ ಹಿಂದಿರುಗಿಸಿ. ಹಳೆಯದಾದರೆ ಆ ಬಳೆಯೊಂದನ್ನೇ ಬಿಚ್ಚಿ, ಹೊಸದನ್ನು ನೂಲಿನಿಂದ ಬಿಗಿಯಾಗಿ ಸುತ್ತಿ ಅಂಟು ಹಚ್ಚಿಕೊಳ್ಳಬಹುದು. ಚಾವಟಿ ಹೆಣೆಯಲು ಬರುವವನಿಗೆ ಇದು ಕಷ್ಟವಲ್ಲ.

ಬಳೆಗಳ ಲೆಕ್ಕವನ್ನೂ ನೋಡಬೇಕು. ಏಳಡಿಯ ಕೋಲಿಗೆ ತುದಿಯದನ್ನು ಬಿಟ್ಟು ಏಳಾದರೂ ಇರಲಿ. ಕಡಿಮೆ ಇದ್ದರೆ ಕೋಲು ಬಾಗಿದಾಗ ದಾರ ಬಳೆಯಿಂದ ಬಳೆಗೆ ನೇರ ಹಾಯ್ದು ಕೋಲಿನ ಮೈಗೆ ಉಜ್ಜುತ್ತದೆ. ಕೋಲಿನ ಕೆಳಗೆ ತೂಗುವ ರೀಲಿಗೆ ಬುಡದ ಬಳೆ ದೊಡ್ಡದಾಗಿರಬೇಕು, ಏಕೆಂದರೆ ಅದರಿಂದ ದಾರ ಸುರುಳಿಸುರುಳಿಯಾಗಿ ಹೊರಡುತ್ತದೆ. ಕೋಲಿನ ಮೇಲೆ ಕೂರುವ ರೀಲಿಗೆ ಸಣ್ಣ ಬಳೆ ಸಾಕು, ಹಿಡಿಯ ಕೆಳಗೆ ಬೆರಳು ಸಿಕ್ಕಿಸಲು ಒಂದು ಕೊಂಡಿಯೂ ಇರುತ್ತದೆ. ಒಂದರ ಕೋಲಿಗೆ ಇನ್ನೊಂದರ ರೀಲನ್ನು ತಂದು ಪೇಚಾಡಿದವರನ್ನು ಕಂಡಿದ್ದೇವೆ. ಹೊಸಬರಿಗೆ ಕೆಳಗೆ ತೂಗುವ ರೀಲೇ ಸರಿ; ಇನ್ನೊಂದರಲ್ಲಿ ಹೆಬ್ಬೆರಳು ಪಳಗುವ ತನಕ ದಾರ ಹಕ್ಕಿಗೂಡಾಗುತ್ತದೆ.

ಹಿಡಿಗೆ ಬೆಂಡುಮರದ ತೊಗಟೆ ಅಥವಾ ರಬ್ಬರಿನಂಥ ನೊರೆ. ಪೋರ್ಚುಗಲ್ಲಿನ ಕಡೆಯಿಂದ ಬರುವ ತೊಗಟೆ ಬೆವರಿದ ಕೈಗೆ ಜಾರುವುದಿಲ್ಲ, ಆದರೆ ಅಗ್ಗದ್ದರಲ್ಲಿ ಗುಳಿಗಳಿಗೆ ಪುಡಿ ತುಂಬಿ ಮರೆಮಾಡಿರುತ್ತಾರೆ. ಒಂದು ಬೇಸಿಗೆ ಕಳೆದರೆ ಪುಡಿ ಉದುರುತ್ತದೆ. ನೊರೆಯ ಹಿಡಿಗೆ ಆ ತಾಪತ್ರಯವಿಲ್ಲ. ನಮ್ಮ ಮತ ಅದಕ್ಕೇ. ರೀಲು ಸಿಕ್ಕಿಸಿದ ಮೇಲೆ ಕೋಲನ್ನು ರೀಲಿನ ಸ್ವಲ್ಪ ಮುಂದೆ ಒಂದೇ ಬೆರಳಿನ ಮೇಲೆ ಇಟ್ಟು ನೋಡಿ. ತಕ್ಕಡಿಯಂತೆ ನಿಂತರೆ ಮಣಿಕಟ್ಟಿಗೆ ಸುಖ. ಮುಗ್ಗರಿಸಿದರೆ ಎಷ್ಟು ಹಗುರದ ಕೋಲಾದರೂ ಸಂಜೆಗೆ ಭಾರವಾಗುತ್ತದೆ.

ಬಸ್ಸಿನಲ್ಲಿ ಓಡಾಡುವ ನಮಗೆ ಎರಡು ತುಂಡಿನ ಕೋಲು ಅನುಕೂಲ. ಕೀಲಿನ ಜಾಗಕ್ಕೆ ಚೂರು ಮೇಣ ಸವರಿದರೆ ಬಿಗಿಯಾಗಿ ಕೂತು ಸುಲಭವಾಗಿ ಬಿಡುತ್ತದೆ. ಕೊಡೆಯ ಕಾಲಿನಂತೆ ಒಂದರೊಳಗೊಂದು ಸೇರುವ ಕೋಲನ್ನು ಮಾತ್ರ ಕೊಳ್ಳಬೇಡಿರಿ. ಕೆರೆಯ ಮರಳು ಒಳಗೆ ಸೇರಿದರೆ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ.

ತಂತಿಯ ಕೆಳಗೆ ಕಾರ್ಬನ್ ಬೇಡ

ಕಾರ್ಬನ್ ಕೋಲು ಬೇಡವೆಂದದ್ದಕ್ಕೆ ಈಗ ಕಾರಣ ಹೇಳುತ್ತೇವೆ. ಒಂದು, ಅದು ಪೆಟ್ಟು ತಾಳದು. ಬೈಕಿನ ಹಿಂದೆ ಕಟ್ಟಿ ತರುವಾಗ ಕಲ್ಲಿಗೆ ತಾಗಿ ಒಂದು ಗೀರು ಬಿದ್ದರೆ ಸಾಕು, ತಿಂಗಳ ಅನಂತರ ಮೀನು ಎಳೆದಾಗ ಅಲ್ಲೇ ಫಟ್ಟೆನ್ನುತ್ತದೆ. ಹತ್ತಿರ ಬಂದ ಮೀನನ್ನು ಕೋಲು ನೆಟ್ಟಗೆ ನಿಲ್ಲಿಸಿ ಎತ್ತಿದರೂ ತುದಿ ಹೋಗುತ್ತದೆ. ಗಾಜಿನೆಳೆ ಇಂಥ ಒರಟುತನವನ್ನು ಬಹಳಷ್ಟು ಸಹಿಸುತ್ತದೆ.

ಇನ್ನೊಂದು ಕಾರಣದ ಮುಂದೆ ಇದು ಏನೂ ಅಲ್ಲ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ಪದಾರ್ಥ. ಟಾರ್ಚಿನ ಹಳೆಯ ಸೆಲ್ ಒಡೆದರೆ ನಡುವೆ ಸಿಗುವ ಕರಿಯ ಕಡ್ಡಿ ಅದೇ. ನಮ್ಮ ಕೆರೆಗಳ ಏರಿಯ ಮೇಲೆ, ಕಾಲುವೆಯ ಪಕ್ಕದಲ್ಲಿ, ಹೊಲದ ಬದುವಿನಲ್ಲಿ ಪಂಪ್‌ಸೆಟ್ಟಿನ ತಂತಿಗಳು ಹಾದಿರುತ್ತವೆ. ಕಂಬ ವಾಲಿದ ಕಡೆ ತಂತಿ ಜೋತು ಬಿದ್ದಿರುವುದನ್ನು ಎಲ್ಲರೂ ಬಲ್ಲಿರಿ. ಏಳಡಿಯ ಕೋಲನ್ನು ತಲೆಯ ಹಿಂದೆ ಎತ್ತಿ ಬೀಸುವಾಗ ಅದರ ತುದಿ ಎಷ್ಟು ಎತ್ತರಕ್ಕೆ ಹೋಗುತ್ತದೆಂಬುದನ್ನು ಬೀಸುವವನು ಗಮನಿಸುವುದಿಲ್ಲ. ಅವನ ಕಣ್ಣು ನೀರಿನ ಮೇಲೆ. ದೊಡ್ಡ ವೋಲ್ಟಿನ ತಂತಿಯಾದರೆ ತಾಗಲೇಬೇಕೆಂದಿಲ್ಲ, ಬಹಳ ಸಮೀಪ ಬಂದರೂ ವಿದ್ಯುತ್ತು ಜಿಗಿದೀತು. ಹೊರದೇಶಗಳಲ್ಲಿ ಈ ರೀತಿ ಗಾಳಗಾರರು ಸತ್ತಿರುವುದರಿಂದಲೇ ಅಲ್ಲಿ ತಂತಿಯ ಕೆಳಗೆ ಗಾಳ ಹಾಕಬಾರದೆಂದು ಹಲಗೆ ನೆಡುತ್ತಾರೆ, ಕೋಲಿನ ಮೇಲೂ ಎಚ್ಚರಿಕೆಯ ಚೀಟಿ ಅಂಟಿಸುತ್ತಾರೆ. ನಮ್ಮ ಹುಡುಗರು ಆ ಚೀಟಿಯನ್ನು ಮೊದಲು ಕಿತ್ತು ಎಸೆಯುತ್ತಾರೆ! ಗಾಜಿನೆಳೆ ಕಾರ್ಬನ್ನಿನ ಹಾಗೆ ವಿದ್ಯುತ್ತನ್ನು ಹರಿಯಬಿಡದು. ಕಾರ್ಬನ್ ಬೆರೆಸಿದ ಕೋಲಿಗೆ ಈ ಮಾತು ಸಲ್ಲದು, ಅದನ್ನು ಕಾರ್ಬನ್ನಿನಂತೆಯೇ ಕಾಣಬೇಕು. ಒದ್ದೆಯಾದರೆ ಬಿದಿರೂ, ದಾರವೂ, ಯಾವುದೂ ನಂಬಿಕೆಗೆ ಅರ್ಹವಲ್ಲ. ಆದಕಾರಣ ತಂತಿ ಹಾದ ಜಾಗ ಬಿಟ್ಟು, ದೂರ ಸರಿದು ನಿಲ್ಲುವುದೇ ಕ್ರಮ. ಕೋಲನ್ನು ಬಿಚ್ಚಿ ಎರಡು ತುಂಡು ಮಾಡಿಕೊಂಡು, ನೆಲಕ್ಕೆ ಸಮನಾಗಿ ಹಿಡಿದು ಏರಿಯ ಮೇಲೆ ನಡೆಯಬೇಕು. ಬೇಸಿಗೆಯ ಕೊನೆಯಲ್ಲಿ ಗುಡುಗು ಮಳೆ ಕವಿದಾಗ ಯಾವ ಕೋಲೇ ಇರಲಿ, ನೆಲಕ್ಕೆ ಹಾಕಿ ಬಯಲು ಬಿಟ್ಟು ಹೊರಡಬೇಕು. ಮನೆಯ ತಂತಿಯನ್ನೇ ನೀರಿಗೆ ಬಿಟ್ಟು ಮೀನು ಹಿಡಿಯುವ ಸಾಹಸಿಗಳ ವಿಚಾರ ಇಲ್ಲಿ ಬರೆಯಲು ಮನಸ್ಸಿಲ್ಲ. ಸಿಡಿಮದ್ದು, ವಿಷ ಹಾಕುವುದು 1897ರ ಮೀನುಗಾರಿಕೆ ಕಾನೂನಿನಿಂದಲೇ ಅಪರಾಧ.

ಕೆರೆಯ ಮೀನಿನ ಹಕ್ಕು ಗುತ್ತಿಗೆದಾರರದೋ ಮೀನುಗಾರರ ಸಹಕಾರ ಸಂಘದ್ದೋ ಆಗಿದ್ದರೆ ಅವರ ಒಪ್ಪಿಗೆ ಕೇಳದೆ ಕೋಲು ಎತ್ತಬಾರದು. ಮರಿ ಬಿಟ್ಟು ಬೆಳೆಸಿದವರು ಅವರು. ಮಳೆಗಾಲದಲ್ಲಿ ಜೊಂಡಿನ ಅಂಚಿನ ನೀರಿನ ಮೇಲೆ ಕೆಂಪು ಬಣ್ಣದ ಸಣ್ಣ ಮರಿಗಳ ಗುಂಪು ಮೋಡದಂತೆ ಸರಿಯುವುದನ್ನು ನೋಡಿರಬಹುದು. ಅವು ಕೊರವದ ಮರಿಗಳು, ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಕಪ್ಪೆ ಎಸೆದರೆ ಸಿಟ್ಟಿಗೇ ಬಂದು ಕಚ್ಚುತ್ತವೆ. ಬಹಳ ಸುಲಭದ ಬೇಟೆ ಅದು. ಆದರೆ ಒಂದು ಕೊರವ ಮನೆಗೆ ಬಂದರೆ ನೂರಾರು ಮರಿಗಳು ಉಳಿದ ಮೀನುಗಳ ಬಾಯಿಗೆ. ಮರಿ ಕಂಡ ಜಾಗದಿಂದ ನೂರು ಹೆಜ್ಜೆ ಮುಂದೆ ಹೋಗಿ ಕೋಲು ಬೀಸುವುದು ನಮ್ಮ ಪದ್ಧತಿ.

ಸಂಜೆ ಮನೆಗೆ ಬಂದ ಮೇಲೆ ಕೋಲನ್ನು ಸಿಹಿನೀರಿನಲ್ಲಿ ಒರೆಸಿ, ಕೀಲು ಬಿಚ್ಚಿ, ನೆರಳಿನಲ್ಲಿ ನೇತುಹಾಕಬೇಕು. ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಬಿಟ್ಟರೆ ಬಿದಿರು ಖಂಡಿತ ಬಾಗುತ್ತದೆ. ತಗಡಿನ ಚಾವಣಿಯ ಕೆಳಗೆ ಬೇಸಿಗೆಯಲ್ಲಿ ಇಟ್ಟರೆ ಬಳೆಗಳ ಅಂಟು ಮೆತ್ತಗಾಗುತ್ತದೆ. ತೊಗಟೆಯ ಹಿಡಿಯಾದರೆ ಇಲಿಗೆ ಸಿಗದಂತೆ ನೋಡಿಕೊಳ್ಳಿ. ಮೀನಿನ ವಾಸನೆ ಹತ್ತಿದ ಹಿಡಿಯನ್ನು ಅದು ಶೇಂಗಾದ ಮೂಟೆಗಿಂತ ಮೊದಲು ಕಡಿಯುತ್ತದೆ.